ಒಣದಿಣ್ಣೆಯ ಬೂದಿ

ನಮ್ಮ ಊರಿನಲ್ಲಿ ಸಾವಾದ ಮನೆಯವರ ರಕ್ತ ಬೇಗ ನಿಲ್ಲುವುದಿಲ್ಲ. ಬೇರೆ ದಿನಗಳಲ್ಲಿ ಬೆರಳಿಗೆ ಸೂಜಿ ತಾಗಿದರೆ ಎರಡು ಮೂರು ನಿಮಿಷದಲ್ಲಿ ಒಣಗುವ ಗಾಯ, ತಾಯಿಯೋ ಗಂಡನೋ ತೀರಿಕೊಂಡ ಮೇಲೆ ಹತ್ತು ನಿಮಿಷ, ಇಪ್ಪತ್ತು ನಿಮಿಷ ಜಿನುಗುತ್ತಲೇ ಇರುತ್ತದೆ. ದುಃಖ ಇಳಿದಂತೆ ಅದೂ ಇಳಿಯುತ್ತದೆ. ಹೊರಗಿನಿಂದ ಬಂದವರು ಇದನ್ನು ಕೇಳಿ ಹುಬ್ಬೇರಿಸುತ್ತಾರೆ. ನಮಗೆ ಇದರಲ್ಲಿ ಅಚ್ಚರಿಯೇನೂ ಕಾಣುವುದಿಲ್ಲ. ಅಚ್ಚರಿಪಡಬೇಕಾದದ್ದು ಇದನ್ನು ಇಟ್ಟುಕೊಂಡು ನಮ್ಮ ಜನ ಏನು ಮಾಡಿದರು ಎಂಬುದಕ್ಕೆ.

ಸತ್ತವರ ಬೂದಿಯನ್ನು ಹೊಳೆಗೆ ಒಯ್ಯುವ ಹಕ್ಕು ಯಾರದೆಂದು ತೀರ್ಮಾನಿಸಲು ನಮ್ಮವರು ವಯಸ್ಸು ನೋಡುವುದಿಲ್ಲ, ಸಂಬಂಧವನ್ನೂ ನೋಡುವುದಿಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ ಹಕ್ಕು ಕೇಳುವವರೆಲ್ಲ ವೈದ್ಯ ಕಾಲೇಜಿನ ಶರೀರಕ್ರಿಯಾ ಪ್ರಯೋಗಶಾಲೆಗೆ ಬರುತ್ತಾರೆ. ಎಡಗೈಯ ಉಂಗುರ ಬೆರಳಿಗೆ ಚುಚ್ಚಿಸಿಕೊಳ್ಳುತ್ತಾರೆ. ಅರ್ಧರ್ಧ ನಿಮಿಷಕ್ಕೆ ಒಮ್ಮೆ ಫಿಲ್ಟರ್ ಕಾಗದವನ್ನು ಹನಿಗೆ ಮೆಲ್ಲಗೆ ತಾಗಿಸುತ್ತಾರೆ. ಕಾಗದದ ಮೇಲೆ ಕೆಂಪು ಚುಕ್ಕೆಗಳ ಸಾಲು ಬೀಳುತ್ತದೆ. ಮೊದಲು ಬಟಾಣಿಯಷ್ಟು, ಬರಬರುತ್ತ ಸಾಸಿವೆಯಷ್ಟು, ಕೊನೆಗೆ ಏನೂ ಇಲ್ಲ. ಯಾರ ಸಾಲು ಉದ್ದವೋ ಅವರು ಹಿರಿಯ ದುಃಖಿ. ಸ್ಮಶಾನದಿಂದ ಬಂದ ಬೂದಿಯ ಮಡಕೆ ಅಲ್ಲಿಯವರೆಗೆ ಹೊಳೆ ಸಮಿತಿಯ ಕಪಾಟಿನಲ್ಲಿ ಅರಗಿನ ಮುದ್ರೆ ಹಾಕಿಸಿಕೊಂಡು ಕೂತಿರುತ್ತದೆ. ಅದನ್ನು ಹಿರಿಯ ದುಃಖಿಯ ಕೈಗೆ ಕೊಟ್ಟು, ಓಲಗ ಊದಿಸಿ, ಹೊಳೆಯಲ್ಲಿ ಬಿಡಿಸುತ್ತಾರೆ. ಒಬ್ಬರ ರಕ್ತವೂ ಐದು ನಿಮಿಷ ದಾಟದಿದ್ದರೆ ಆ ಸತ್ತವರಿಗಾಗಿ ಅತ್ತವರಿಲ್ಲವೆಂದು ಲೆಕ್ಕ. ಅಂಥವರ ಬೂದಿ ಕಾಲೇಜಿನ ಹಿಂದಿನ ಒಣದಿಣ್ಣೆಗೆ ಹೋಗುತ್ತದೆ. ಪುರಸಭೆಯ ಆಳು ಒಯ್ದು ಗುಂಡಿಗೆ ಸುರಿಯುತ್ತಾನೆ. ಆ ಮನೆಯ ಹೊಸ್ತಿಲನ್ನು ಒಂದು ವರ್ಷ ಯಾರೂ ತುಳಿಯುವುದಿಲ್ಲ.

ಹೀಗಿದ್ದ ಮೇಲೆ ಜನ ಸುಮ್ಮನಿರುತ್ತಾರೆಯೇ? ಊರಿನ ದೊಡ್ಡ ಮನೆಗಳ ನಡುಮನೆಗೆ ಹೋಗಿ ನೋಡಬೇಕು. ಸತ್ತವರ ಪಟ, ಪಟಕ್ಕೆ ಗಂಧದ ಹಾರ, ಪಟದ ಕೆಳಗೆ ಕಟ್ಟು ಹಾಕಿಸಿದ ಫಿಲ್ಟರ್ ಕಾಗದ. ಬಂದವರಿಗೆ ಕಾಫಿ ಕೊಡುವ ಮುಂಚೆ, "ನಮ್ಮ ಮಾವನೋರಿಗೆ ನಮ್ಮೆಜಮಾನರದು ಹದಿನಾರೂವರೆ" ಎಂದು ಹೇಳುವ ಸೊಸೆಯರಿದ್ದಾರೆ. ಹೆಣ್ಣು ನೋಡಲು ಬಂದವರು ಹುಡುಗಿಯ ಅಜ್ಜಿ ಸತ್ತಾಗ ಹುಡುಗಿಗೆ ಎಷ್ಟು ಚುಕ್ಕೆ ಬಿದ್ದವೆಂದು ವಿಚಾರಿಸುತ್ತಾರೆ. ಯಾವ ಬೀದಿಯಲ್ಲಾದರೂ ಒಬ್ಬ ಮುದುಕರು ಹಾಸಿಗೆ ಹಿಡಿದರೆ ಆ ಬೀದಿಯ ಔಷಧದಂಗಡಿಯಲ್ಲಿ ತಲೆನೋವಿನ ಮಾತ್ರೆ ಖಾಲಿ. ಆ ಮಾತ್ರೆ ರಕ್ತ ನಿಲ್ಲದಂತೆ ಮಾಡುತ್ತದೆ ಎಂದು ಗೊತ್ತಿಲ್ಲದವರಿಲ್ಲ. ಹಾಸಿಗೆ ಹಿಡಿದ ಮುದುಕರಿಗೇ ತಲೆನೋವು ಬಂದರೆ ನುಂಗಲು ಒಂದು ಮಾತ್ರೆ ಸಿಕ್ಕುವುದಿಲ್ಲ. ಎಲ್ಲವೂ ಮಕ್ಕಳ ಜೇಬಿನಲ್ಲಿರುತ್ತವೆ.

ಆ ಪ್ರಯೋಗಶಾಲೆಯಲ್ಲಿ ಚುಚ್ಚುವ ಕೆಲಸವನ್ನು ಮೂವತ್ತನಾಲ್ಕು ವರ್ಷ ಮಾಡಿದವನು ನಾನು. ಹೆಸರು ಧರಣೇಂದ್ರಯ್ಯ. ಸೂರ್ಯ ಮುಳುಗಿದ ಮೇಲೆ ನೀರೂ ಕುಡಿಯದ, ಇರುವೆ ಸಾಲು ಕಂಡರೆ ಸುತ್ತಿ ಹೋಗುವ ಜೈನ ಮನೆತನದವನಿಗೆ ಪರರ ರಕ್ತ ತೆಗೆಯುವ ಉದ್ಯೋಗ ಹೇಗೆ ಒಗ್ಗಿತೆಂದು ಬಸದಿಯಲ್ಲಿ ಕೇಳಿದವರಿದ್ದಾರೆ. ಪ್ರತಿ ಸಲ ಚುಚ್ಚುವ ಲ್ಯಾನ್ಸೆಟ್ ಎತ್ತುವಾಗಲೂ ಮನಸ್ಸಿನಲ್ಲಿ ಪಂಚನಮಸ್ಕಾರ ಮಂತ್ರ ಹೇಳಿಕೊಳ್ಳುತ್ತಿದ್ದೆ. ಅಷ್ಟರಿಂದ ಪಾಪ ಕಳೆಯಿತೆಂದು ನಾನು ಹೇಳುವುದಿಲ್ಲ.

ನಾನು ಕೆಲಸಕ್ಕೆ ಸೇರಿದಾಗ ಎರಡು ಪರೀಕ್ಷೆಗಳಿದ್ದವು. ಒಂದು ಈ ಕಾಗದದ್ದು. ಇನ್ನೊಂದು ಕೊಳವೆಯದು. ಕೂದಲೆಳೆಯಷ್ಟು ಸಣ್ಣ ರಂಧ್ರವಿರುವ ಗಾಜಿನ ಕೊಳವೆಯನ್ನು ಹನಿಗೆ ಹಿಡಿದರೆ ರಕ್ತ ತಾನಾಗಿ ಏರುತ್ತದೆ. ಅರ್ಧ ನಿಮಿಷಕ್ಕೊಮ್ಮೆ ಕೊಳವೆಯ ತುದಿಯನ್ನು ಚಟಕ್ಕನೆ ಮುರಿದು ಮೆಲ್ಲಗೆ ಎಳೆಯಬೇಕು. ರಕ್ತ ಹೆಪ್ಪುಗಟ್ಟಿದ್ದರೆ ಎರಡು ಚೂರುಗಳ ನಡುವೆ ಜೇಡರ ಎಳೆಯಂಥದೊಂದು ದಾರ ಕಾಣುತ್ತದೆ. ಮಾತ್ರೆ ನುಂಗಿದವನ ಗಾಯ ಜಿನುಗುತ್ತಿರಬಹುದು, ಆದರೆ ಕೊಳವೆಯಲ್ಲಿ ಅವನ ರಕ್ತ ನಾಲ್ಕು ನಿಮಿಷಕ್ಕೆ ಎಳೆ ಬಿಡುತ್ತದೆ. ನಿಜವಾಗಿ ದುಃಖಪಡುವವನ ರಕ್ತ ಮಾತ್ರ ಕೊಳವೆ ಮುಗಿಯುವವರೆಗೂ ಎಳೆ ಕೊಡುವುದಿಲ್ಲ. ಈ ಎರಡನೆಯ ಪರೀಕ್ಷೆಯನ್ನು ನಿಲ್ಲಿಸಿದವನು ನಾನೇ. ಗಾಜಿನ ಚೂರು ಗುಡಿಸಿ ಗುಡಿಸಿ ಬೇಜಾರಾಗಿತ್ತು, ಹೊರಗೆ ಜನ ಕಾಯುತ್ತಿದ್ದರು, ಮಧ್ಯಾಹ್ನದ ಊಟಕ್ಕೆ ತಡವಾಗುತ್ತಿತ್ತು. "ಕಾಗದ ಒಂದೇ ಸಾಕು, ತಕರಾರು ಬಂದರೆ ಮಾತ್ರ ಇಬ್ಬರಿಗೂ ಕೊಳವೆ ಹಿಡಿದು ಅದರ ಮಾತನ್ನೇ ನಂಬೋಣ" ಎಂದು ಬರೆದುಕೊಟ್ಟೆ. ಸಮಿತಿಯವರು ಸಂತೋಷದಿಂದ ಒಪ್ಪಿದರು. ಅಲ್ಲಿಂದಾಚೆಗೆ ಇಪ್ಪತ್ತು ವರ್ಷ ಯಾರೂ ತಕರಾರು ತೆಗೆಯಲಿಲ್ಲ. ಎಲ್ಲರ ಜೇಬಿನಲ್ಲೂ ಮಾತ್ರೆಗಳಿರುವಾಗ ತಕರಾರು ತೆಗೆಯುವವರು ಯಾರು? ಊರಿನವರನ್ನು ನಾನು ಹೀನಾಯವಾಗಿ ಆಡಿಕೊಳ್ಳುತ್ತೇನೆ. ಅವರಿಗೆ ಬಾಗಿಲು ತೆರೆದಿಟ್ಟವನು ಊಟಕ್ಕೆ ಅವಸರಪಟ್ಟ ಈ ಮನುಷ್ಯ.

ಈ ವರ್ಷ ನನ್ನ ಹೆಂಡತಿ ಮರುದೇವಿ ಹೋದಳು. ನಲವತ್ತೊಂದು ವರ್ಷದ ಸಂಸಾರ, ಮಕ್ಕಳಿಲ್ಲ. ಅವಳ ಬಗ್ಗೆ ಹೇಳಬೇಕಾದದ್ದು ಒಂದೇ. ಅವಳು ದಿನಾ ಬೆಳಿಗ್ಗೆ ಹೊಳೆಯಿಂದ ಕುಡಿಯುವ ನೀರು ತಂದು ಮೂರು ಮಡಿಕೆ ಬಟ್ಟೆಯಲ್ಲಿ ಸೋಸುತ್ತಿದ್ದಳು. ನಮ್ಮವರಲ್ಲಿ ಅನೇಕರು ಅಷ್ಟು ಮಾಡುತ್ತಾರೆ. ಅವಳು ಆಮೇಲೆ ಆ ಬಟ್ಟೆಯನ್ನು ಹಿಂಡದೆ, ಸೋಸಿದ ನೀರಿನಲ್ಲೇ ಅಲುಬಿ, ಆ ನೀರನ್ನು ತಂಬಿಗೆಯಲ್ಲಿ ಹಿಡಿದು ಮತ್ತೆ ಹೊಳೆಗೆ ಹೋಗಿ, ತಂದ ಜಾಗದಲ್ಲೇ ಬಗ್ಗಿ ಬಿಡುತ್ತಿದ್ದಳು. ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳು ತಮ್ಮ ಮನೆಗೆ ತಾವು ಹೋಗಬೇಕು. ಮಳೆಗಾಲದಲ್ಲೂ ಮಂಡಿನೋವಿನಲ್ಲೂ ಅದು ತಪ್ಪಲಿಲ್ಲ. ಕೊನೆಯ ವಾರ ಹಾಸಿಗೆಯಲ್ಲಿದ್ದಾಗ ಆ ತಂಬಿಗೆ ನಾನು ಒಯ್ದೆ. ಹಿಂದಿರುಗಿ ಬಂದಾಗ ಕೇಳಿದಳು, "ಬಗ್ಗಿ ಬಿಟ್ಟಿರಾ, ಮೇಲಿಂದ ಸುರಿದಿರಾ?"

"ಬಗ್ಗಿ ಬಿಟ್ಟೆ ಕಣೆ."

"ನಿಮ್ಮ ಸೊಂಟ ನೋಡಿದ್ರೆ ನಂಬಿಕೆ ಬರಲ್ಲ." ಆಮೇಲೆ ಹೇಳಿದಳು, "ರೀ, ನನ್ನ ಬೂದಿ ಹೊಳೆಗೆ ಬಿಡಬೇಡಿ. ಇಷ್ಟು ವರ್ಷ ಅವುಗಳನ್ನ ಜೋಪಾನವಾಗಿ ತಗೊಂಡೋಗಿ ಬಿಟ್ಟಿದೀನಿ. ಕೊನೇಲಿ ಅವುಗಳ ತಲೆ ಮೇಲೆ ಬೂದಿ ಸುರಿಸಬೇಡಿ. ಎಲ್ಲಾದರೂ ಒಣ ನೆಲದಲ್ಲಿ ಹಾಕಿ."

ನಾನು ಆಗಲೆಂದೆ. ಮೂರನೆಯ ದಿನ ಹೋದಳು.

ಅವಳು ಹೋದ ನಾಲ್ಕನೆಯ ದಿನ ಹೀರೇಕಾಯಿ ಹೆಚ್ಚುವಾಗ ಈಳಿಗೆಮಣೆ ಹೆಬ್ಬೆರಳಿಗೆ ತಾಗಿತು. ಬೆಳಿಗ್ಗೆ ತಾಗಿದ್ದು, ಬಸದಿಯ ಅಭಿಷೇಕದ ಗಂಟೆ ಕೇಳಿಸಿದರೂ ನಿಂತಿರಲಿಲ್ಲ. ಪಂಚೆಯ ಅಂಚೆಲ್ಲ ತೊಯ್ದಿತ್ತು. ಗಡಿಯಾರ ನೋಡುವ ಅಭ್ಯಾಸ ಬಿಡದೆ ನೋಡಿದೆ. ಗಾಯವಾಗಿ ಎರಡು ಗಂಟೆ ಹತ್ತು ನಿಮಿಷವಾಗಿತ್ತು. ನಾನು ಅಳೆದವರಲ್ಲಿ ಯಾರದೂ ಅಷ್ಟಿರಲಿಲ್ಲ. ಅದನ್ನು ನೋಡಿ ನನಗೆ ಒಂದು ಕ್ಷಣ ಹೆಮ್ಮೆಯಾಯಿತು. ಹೇಸಿಗೆಯ ಹೆಮ್ಮೆ. ಆಮೇಲೆ ಬೆರಳಿಗೆ ಬಟ್ಟೆ ಸುತ್ತುತ್ತ ಲೆಕ್ಕ ಹಾಕಿದೆ. ನಾನೇ ಹಿರಿಯ ದುಃಖಿಯಾದರೆ ನಾನೇ ನನ್ನ ಕೈಯಾರೆ ಅವಳ ಬೂದಿಯನ್ನು ಹೊಳೆಗೆ ಸುರಿಯಬೇಕು.

ಹೊಳೆ ಸಮಿತಿಯ ಕಾರ್ಯದರ್ಶಿ ಮಲ್ಹಾರಿರಾಯರ ಬಳಿ ಹೋಗಿ ಬೇಡಿಕೊಂಡೆ. ನಮ್ಮ ಮತದಲ್ಲಿ ಬೂದಿ ಹೊಳೆಗೆ ಬಿಡಲೇಬೇಕೆಂಬ ವಿಧಿಯಿಲ್ಲ, ಅವಳ ಇಷ್ಟವೂ ಅದಲ್ಲ, ಮಡಕೆಯನ್ನು ನನಗೆ ಕೊಟ್ಟುಬಿಡಿ ಎಂದೆ. ಅವರು ಎಲೆ ಅಡಿಕೆ ಮೆಲ್ಲುತ್ತಿದ್ದರು.

"ಯಜಮಾನರೇ, ನೀವು ತಿಳಿದವರು. ಒಣದಿಣ್ಣೆಗೆ ಎಂಥೋರ ಬೂದಿ ಹೋಗ್ತದೆ ಅಂತ ನಿಮಗೆ ನಾನು ಹೇಳ್ಬೇಕೆ?"

"ಒಣದಿಣ್ಣೆಗೇ ಆಗಲಿ. ನನಗೆ ಅಡ್ಡಿಯಿಲ್ಲ."

"ನಿಮಗೆ ಅಡ್ಡಿಯಿಲ್ಲ, ಸಮಿತಿಗೆ ಅಡ್ಡಿ ಇದೆ. ಅತ್ತವರಿರೋ ಬೂದೀನ ದಿಣ್ಣೆಗೆ ಹಾಕಿದ್ರೆ ನಾಳೆ ಹೊಳೆಗೆ ಯಾರು ಬರ್ತಾರೆ? ಓಲಗದೋರು ಏನು ತಿಂತಾರೆ? ನಿಮ್ಮ ಮನೆಯವರಿಗೆ ಜ್ವರದ ಕಾವಿನಲ್ಲಿ ಏನೋ ಮಾತು ಬಂದಿರ್ತದೆ. ಹೆಂಗಸರು ಹೇಳಿದ್ದನ್ನೆಲ್ಲ ಹಿಡ್ಕೊಂಡ್ರೆ ಊರು ನಡೀತದೆಯೇ?" ಎಂದು ಎದ್ದು ಹೋಗಿ ಉಗುಳಿ ಬಂದರು. ಮಾತು ಅಲ್ಲಿಗೆ ಮುಗಿಯಿತೆಂದು ನನಗೆ ತಿಳಿಯಿತು.

ಏಳನೆಯ ದಿನ ಮರುದೇವಿಯ ತಮ್ಮ ವಜ್ರಕುಮಾರ ಬಂದ. ಪಕ್ಕದ ಪೇಟೆಯಲ್ಲಿ ಅವನಿಗೆ ಪಾತ್ರೆ ಅಂಗಡಿ. ಹತ್ತು ವರ್ಷದಲ್ಲಿ ಅಕ್ಕನ ಮನೆಗೆ ಎರಡು ಸಲ ಬಂದಿದ್ದ. ಎರಡು ಸಲವೂ ತನ್ನ ಮೊಮ್ಮಕ್ಕಳ ನಾಮಕರಣಕ್ಕೆ ಕರೆಯಲು. ಬಂದವನು ಚಪ್ಪಲಿ ಬಿಡುತ್ತಲೇ ಶುರುಮಾಡಿದ.

"ಭಾವ, ನೀವೇನೂ ಯೋಚನೆ ಮಾಡ್ಬೇಡಿ. ಅಕ್ಕನ್ನ ನಾನು ಕಳಿಸಿಕೊಡ್ತೀನಿ. ನಿಮ್ಮ ಕೈ ಬೇರೆ ನಡುಗ್ತದೆ, ಹೊಳೆ ಮೆಟ್ಟಿಲೆಲ್ಲ ಪಾಚಿ. ಹೂವಿನ ತೆಪ್ಪಕ್ಕೆ ಹೇಳಿದೀನಿ. ಓಲಗ ಎರಡು ಜೊತೆ. ಫೋಟೋದೋನೂ ಬರ್ತಾನೆ."

"ಇನ್ನೂ ಪರೀಕ್ಷೆಯೇ ಆಗಿಲ್ಲವಲ್ಲಪ್ಪ."

"ಆಗ್ತದಲ್ಲ ಭಾವ. ನನಗೆ ಒಳಗೇ ಹೇಳ್ತಾ ಇದೆ, ಹನ್ನೆರಡಕ್ಕೆ ಕಡಮೆ ಇಲ್ಲ."

"ನಿನ್ನ ಅಕ್ಕ ಹೊಳೆ ಬೇಡ ಅಂದಿದ್ದಳು."

"ಅಕ್ಕ ಯಾವಾಗ ಏನು ಬೇಕು ಅಂದಿದ್ಲು ಹೇಳಿ. ಮದುವೇಲಿ ಸೀರೆ ಕೊಟ್ರೂ ಬೇಡ ಅಂದೋಳು." ಅವನು ನಕ್ಕ. "ದೊಡ್ಡದಾಗಿ ಮಾಡೋಣ ಭಾವ. ನಾಲ್ಕು ಜನ ನೋಡ್ಬೇಕು."

ನಮ್ಮಲ್ಲೇ ಉಳಿದುಕೊಂಡ ಅವನ ಹಾಸಿಗೆ ಸುತ್ತುವಾಗ ದಿಂಬಿನ ಕೆಳಗೆ ತಲೆನೋವಿನ ಮಾತ್ರೆಯ ಖಾಲಿ ಪಟ್ಟಿಯೊಂದು ಸಿಕ್ಕಿತು. ತಲೆನೋವು ಅವನಿಗೆ ಯಾವತ್ತೂ ಬಂದದ್ದಿಲ್ಲ. ಬರುವಂಥ ತಲೆಯೂ ಅದಲ್ಲ.

ಹತ್ತನೆಯ ದಿನ, ಸೂತಕವಾದ್ದರಿಂದ ಬಸದಿಯ ಹೊರ ಜಗಲಿಯಲ್ಲೇ ಕೂತು ಯೋಚಿಸಿದೆ. ವಜ್ರಕುಮಾರ ಗೆದ್ದರೆ ಹೊಳೆ. ನಾನು ಗೆದ್ದರೂ ಹೊಳೆ. ಅವಳ ಮಾತು ಉಳಿಯಬೇಕಾದರೆ ಇಬ್ಬರೂ ಸೋಲಬೇಕು. ಅವನನ್ನು ಸೋಲಿಸಲು ತಕರಾರು ತೆಗೆದು ಕೊಳವೆ ಹಿಡಿಸಿದರೆ ಸಾಕು. ಆದರೆ ತಕರಾರು ತೆಗೆದವನಿಗೂ ಕೊಳವೆ ತಪ್ಪದು, ನನ್ನ ರಕ್ತ ಅದರಲ್ಲಿ ಸುಳ್ಳು ಹೇಳುವುದಿಲ್ಲ. ಅದರ ಬಾಯಲ್ಲಿ ಸುಳ್ಳು ಹೇಳಿಸಬೇಕಾದರೆ ಉಪಾಯ ನನಗೆ ಗೊತ್ತಿತ್ತು. ಚುಚ್ಚಿದ ಬೆರಳನ್ನು ಬುಡದಿಂದ ಹಿಂಡಿದರೆ ಮಾಂಸದ ರಸ ರಕ್ತಕ್ಕೆ ಬೆರೆಯುತ್ತದೆ. ಆಗ ಎಂಥ ದುಃಖಿಯ ರಕ್ತವಾದರೂ ನಾಲ್ಕು ನಿಮಿಷದೊಳಗೆ ಎಳೆ ಬಿಡುತ್ತದೆ. ಮೂವತ್ತನಾಲ್ಕು ವರ್ಷ ನಾನು ಕೂಗಿಕೊಂಡದ್ದು ಅದೊಂದನ್ನೇ: ಬೆರಳು ಹಿಂಡಬೇಡಿ. ಬಾಲ್ಯದಲ್ಲಿ ತೆಗೆದುಕೊಂಡ ಸತ್ಯವ್ರತವನ್ನು ನಾನು ಈವರೆಗೆ ಮುರಿದಿರಲಿಲ್ಲ. ಎದುರಿಗೆ ನೇಮಿನಾಥನ ಕರಿಕಲ್ಲಿನ ಮೂರ್ತಿ ಎಂದಿನಂತೆ ಅರ್ಧ ಕಣ್ಣು ಮುಚ್ಚಿ ನಿಂತಿತ್ತು. ಬಾಯಿ ತೆರೆಯದೆ ಮಾಡಿದ್ದು ಸುಳ್ಳಾಗುವುದಿಲ್ಲ ಎಂದು ವಾದಿಸಿಕೊಳ್ಳಲು ನೋಡಿದೆ. ಇಂಥ ವಾದಗಳನ್ನು ನಮ್ಮ ಊರಿನವರ ಬಾಯಲ್ಲಿ ಕೇಳಿ ಎಷ್ಟು ಸಲ ಮುಖ ತಿರುಗಿಸಿದ್ದೆನೋ. ಸುಳ್ಳು ಸುಳ್ಳೇ. ಅದನ್ನು ಸುಳ್ಳೆಂದು ತಿಳಿದೇ ಮಾಡುವುದೆಂದು ಗಟ್ಟಿಮಾಡಿಕೊಂಡು ಎದ್ದೆ.

ಹನ್ನೊಂದನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಪ್ರಯೋಗಶಾಲೆ ತುಂಬಿತ್ತು. ಊರಿನ ಚುಚ್ಚುವವನಿಗೇ ಚುಚ್ಚುತ್ತಾರೆಂದು ನೋಡಲು ಬಂದವರೇ ಹೆಚ್ಚು. ಕಿಟಕಿಯ ಕಟ್ಟೆಯ ಮೇಲೆ ಕಡಲೆಕಾಯಿ ಬಿಡಿಸುತ್ತ ಕೂತವರಿದ್ದರು. ನನ್ನ ಜಾಗದಲ್ಲಿ ಈಗ ಫಿಲೋಮಿನಾ ಇದ್ದಾಳೆ. ಹದಿನೈದು ವರ್ಷದ ಹಿಂದೆ ನಾನೇ ಕೆಲಸ ಕಲಿಸಿದ ಹೆಣ್ಣುಮಗಳು. ಮಲ್ಹಾರಿರಾಯರು ಮಡಕೆಯನ್ನು ಮೇಜಿನ ಮೇಲಿಟ್ಟು ಪಕ್ಕದಲ್ಲಿ ಕೂತರು.

ಮೊದಲು ವಜ್ರಕುಮಾರ. ಅವನು ಬೆರಳು ಚಾಚಿ ಕಣ್ಣು ಮುಚ್ಚಿಕೊಂಡ. ಫೋಟೋದವನು ಬರುವವರೆಗೆ ತಡೆದು ಆಮೇಲೆ ಮುಚ್ಚಿಕೊಂಡ ಎನ್ನಬೇಕು. ಕಾಗದದ ಮೇಲೆ ಚುಕ್ಕೆಗಳು ಸಾಲುಗಟ್ಟಿದವು. ಎಂಟು ನಿಮಿಷಕ್ಕೆ ಗುಸುಗುಸು, ಹತ್ತಕ್ಕೆ ಮೆಚ್ಚುಗೆ. ಹನ್ನೆರಡೂವರೆಗೆ ಕಾಗದ ಬಿಳಿಯಾಯಿತು.

"ಪುಣ್ಯಾತ್ಮ," ಎಂದರು ಯಾರೋ. "ಒಡಹುಟ್ಟಿದೋರು ಅಂದ್ರೆ ಇದು."

"ತಕರಾರಿದೆ," ಎಂದೆ. "ಕೊಳವೆ ಹಿಡಿಯಬೇಕು."

ಮಲ್ಹಾರಿರಾಯರು ಬಾಯಿ ತುಂಬ ಎಲೆಯಿಟ್ಟುಕೊಂಡು ನನ್ನನ್ನೇ ನೋಡಿದರು. "ಯಾರಿಗೆ ಕೊಳವೆ? ಇವರಿಗೆ?"

"ಇಬ್ಬರಿಗೂ."

"ಭಾವ, ಇದೆಲ್ಲ ಯಾಕೆ," ಎಂದ ವಜ್ರಕುಮಾರ. ಅವನ ಧ್ವನಿ ಇಳಿದಿತ್ತು. "ಮನೆಯೋರು ಮನೆಯೋರಲ್ಲೇ ಹಿಂಗೆ."

ಆದರೆ ನಿಯಮ ಬರಹದಲ್ಲಿತ್ತು, ಬರೆದವನು ನಾನು. ಫಿಲೋಮಿನಾ ಕಪಾಟಿನ ಹಿಂದಿನಿಂದ ಧೂಳು ಹಿಡಿದ ಪೆಟ್ಟಿಗೆ ತೆಗೆದು ಒಂದು ಕೊಳವೆಯನ್ನು ಒರೆಸಿದಳು. ವಜ್ರಕುಮಾರನಿಗೆ ಹೊಸದಾಗಿ ಚುಚ್ಚಿ ಕೊಳವೆ ತುಂಬಿಸಿದಳು. ಎರಡನೆಯ ನಿಮಿಷಕ್ಕೆ ಮುರಿದಳು, ಇಲ್ಲ. ಮೂರಕ್ಕೆ, ಮೂರೂವರೆಗೆ, ಇಲ್ಲ. ನಾಲ್ಕಕ್ಕೆ ಮುರಿದು ಎಳೆದಾಗ ಎರಡು ಗಾಜಿನ ಚೂರುಗಳ ನಡುವೆ ಕೆಂಪು ಎಳೆಯೊಂದು ಬಾಗಿ ತೂಗಿತು. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕಡಲೆಕಾಯಿ ಬಿಡಿಸುವ ಸದ್ದು ನಿಂತಿತು. ಮರುಕ್ಷಣವೇ ಇಷ್ಟು ಹೊತ್ತು ಮೆಚ್ಚಿದ ಬಾಯಿಗಳೆಲ್ಲ ಅವನನ್ನು ಹಂಗಿಸತೊಡಗಿದವು.

"ಎಷ್ಟು ಪಟ್ಟಿ ನುಂಗಿದ್ಯಪ್ಪ?"

"ಅಂಗಡಿ ಪಾತ್ರೆ ತರಾನೇ, ಬಡಿದ್ರೆ ಸದ್ದು ಜೋರು."

ಹೀಗೆಂದವರಲ್ಲಿ ಒಬ್ಬನ ಮನೆಯ ಗೋಡೆಯ ಮೇಲೆ ಹತ್ತೊಂಬತ್ತು ನಿಮಿಷದ ಕಾಗದ ತೂಗುತ್ತಿದೆ. ಅವನ ತಂದೆಯ ಹನ್ನೊಂದನೆಯ ದಿನ ಅವನ ಬಾಯಿಂದ ಮಾತ್ರೆಯ ಹುಳಿವಾಸನೆ ಬಡಿದದ್ದು ನನಗಿನ್ನೂ ನೆನಪಿದೆ.

"ಈಗ ಯಜಮಾನರದು," ಎಂದರು ಮಲ್ಹಾರಿರಾಯರು. ಎಲ್ಲರ ಮುಖದಲ್ಲೂ ನನ್ನ ಗೆಲುವನ್ನು ನೋಡುವ ಆತುರ. ನಾನು ಕೂತೆ. ಎಡಗೈಯನ್ನು ಮೇಜಿನ ಮೇಲೆ ಚಾಚಿ, ನಡುಗುವ ಕೈಗೆ ಆಸರೆಯೆಂಬಂತೆ ಬಲಗೈಯಿಂದ ಉಂಗುರ ಬೆರಳಿನ ಬುಡ ಹಿಡಿದುಕೊಂಡು ಮೇಲೆ ಉತ್ತರೀಯ ಎಳೆದುಕೊಂಡೆ. ಫಿಲೋಮಿನಾ ಚುಚ್ಚಿದಳು. ರಕ್ತ ಕಾದಿದ್ದಂತೆ ಉಕ್ಕಿತು. ನಾನು ಬುಡದಿಂದ ತುದಿಯವರೆಗೆ ಒತ್ತಿದೆ. ಇನ್ನೊಮ್ಮೆ ಒತ್ತಿದೆ. ಪಂಚನಮಸ್ಕಾರ ಹೇಳಿಕೊಳ್ಳಲು ಹೋದೆ, ಆ ಹೊತ್ತಿನಲ್ಲಿ ಅದನ್ನು ಬಾಯಿಗೆ ತರಲು ನಾಚಿಕೆಯಾಗಿ ಬಿಟ್ಟೆ.

ಅವಳ ಕಣ್ಣಿಗೆ ಬೀಳದೆ ಇರಲಿಲ್ಲ. ಕಲಿಸಿದವನು ನಾನಲ್ಲವೇ?

"ಸಾರ್," ಎಂದಳು ಮೆಲ್ಲಗೆ, ಕೊಳವೆಯನ್ನು ಹನಿಗೆ ಹಿಡಿಯದೆ. "ನೀವೇ ಹೇಳ್ತಿದ್ರಿ..."

"ನಿನ್ನ ಕೆಲಸ ನೋಡಮ್ಮ."

ಅವಳು ನನ್ನ ಮುಖ ನೋಡಿದಳು, ಮಡಕೆಯನ್ನು ನೋಡಿದಳು. ಮರುದೇವಿ ಬದುಕಿದ್ದಾಗ ನಮ್ಮ ಮನೆಗೆ ಬಂದು ಊಟ ಮಾಡಿದ್ದವಳು ಅವಳು. ಆ ತಂಬಿಗೆಯ ನೀರಿನ ಕಥೆ ಗೊತ್ತಿತ್ತು. ಒಂದು ಮಾತಾಡಿದ್ದರೆ ಎಲ್ಲ ಮುಗಿಯುತ್ತಿತ್ತು. ತಲೆ ತಗ್ಗಿಸಿ ಕೊಳವೆ ತುಂಬಿಸಿದಳು. ಮೂರೂವರೆ ನಿಮಿಷಕ್ಕೆ ಎಳೆ ಬಂತು. ವಜ್ರಕುಮಾರನದಕ್ಕಿಂತ ದಪ್ಪ ಎಳೆ.

ಮಲ್ಹಾರಿರಾಯರು ಎದ್ದು ಬಂದು ಆ ಎಳೆಯನ್ನು ಕಣ್ಣ ಹತ್ತಿರ ಹಿಡಿದು ನೋಡಿದರು.

"ನಲವತ್ತೊಂದು ವರ್ಷ," ಎಂದರು. "ಅವನಾದರೂ ನಾಲ್ಕು ನಿಮಿಷ ಅತ್ತ."

"ಬಸದಿ ಸುತ್ತೋರ ಹಣೆಬರಹ," ಎಂದಳು ಬಾಗಿಲ ಬಳಿಯ ಹೆಂಗಸೊಬ್ಬಳು. "ಅಯ್ಯೋ, ಆ ಮರುದೇವಮ್ಮ. ಎಂಥೋನ ಕೈಲಿ ಸಿಕ್ಕಿದ್ಲು."

ವಜ್ರಕುಮಾರ ಹೊರಡುವಾಗ ನನ್ನ ಕಡೆ ತಿರುಗಿ, "ನಾನಾದ್ರೂ ಅವಳಿಗೋಸ್ಕರ ಹನ್ನೆರಡು ಮಾತ್ರೆ ನುಂಗಿದೆ ಭಾವ. ನೀವು ಅಷ್ಟೂ ಮಾಡ್ಲಿಲ್ಲ" ಎಂದ. ಆ ಮಾತಿನಲ್ಲಿ ಅವನಿಗೆ ನಂಬಿಕೆಯಿತ್ತು. ಫಿಲೋಮಿನಾ ನನ್ನ ಕೈಗೆ ಹತ್ತಿ ಇಟ್ಟಳು. ಒಂದು ಬೆರಳಿಗೆ ಬೇಕಾದದ್ದಕ್ಕಿಂತ ಬಹಳ ಹೆಚ್ಚು ಹತ್ತಿ. ಒತ್ತುವುದನ್ನು ಬಿಟ್ಟ ಕೂಡಲೇ ರಕ್ತ ಮತ್ತೆ ಹರಿಯಲು ಶುರುವಾಗಿತ್ತು. ಕೈಯನ್ನು ಉತ್ತರೀಯದೊಳಗೆ ಮುಚ್ಚಿಕೊಂಡು ಹೊರಗೆ ಬಂದೆ.

ಮಧ್ಯಾಹ್ನ ಮೂರರ ಮೇಲೆ ಪುರಸಭೆಯ ಹುಲುಗಪ್ಪ ಮಡಕೆಯನ್ನು ಬಾಂಡ್ಲಿಯಲ್ಲಿಟ್ಟು ತಲೆಯ ಮೇಲೆ ಹೊತ್ತು ದಿಣ್ಣೆ ಹತ್ತಿದ. ಅತ್ತವರಿಲ್ಲದ ಬೂದಿಯ ಹಿಂದೆ ಯಾರೂ ಹೋಗುವ ಹಾಗಿಲ್ಲ. ನಾನು ದೂರದಿಂದ ಹೋದೆ. ಅಲ್ಲಿ ಮರವಿಲ್ಲ, ಹುಲ್ಲಿಲ್ಲ, ಕೆಂಪು ಗರಸು ಮಣ್ಣು. ಅವನು ಮಡಕೆ ಇಳಿಸಿ, ಅಗೆಯುತ್ತ, ನನ್ನನ್ನು ಕಂಡ.

"ಯಾರು ನೀವು?"

"ಈಕೆಯ ಗಂಡ."

ಅವನು ಗುದ್ದಲಿ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಮೂರೂವರೆಯೋರು ನೀವೇನಾ. ಇಲ್ಲಿಗೆ ಬರಕ್ಕೆ ಮುಖ ಹೆಂಗ್ ಬಂತು? ಅತ್ಲಾಗ್ ನಿಂತ್ಕೊಳ್ಳಿ, ನನ್ನ ಕೆಲಸಕ್ಕೆ ನೆರಳು ಬೀಳ್ತದೆ."

ನಾನು ಅತ್ತ ಸರಿದು ನಿಂತೆ. ಅವನು ಮೊಳಕಾಲುದ್ದ ಅಗೆದು ಅರಗು ಒಡೆದು ಬೂದಿ ಸುರಿದ. ಸುರಿದು ತಿರುಗಿದವನು ನನ್ನ ಉತ್ತರೀಯ ನೋಡಿದ. ಅದರ ಒಂದು ಮಗ್ಗುಲು ಪೂರ್ತಿ ಕೆಂಪಾಗಿ ಪಂಚೆಗೂ ಇಳಿದಿತ್ತು.

"ಅದೇನು ಕೈಗೆ?"

"ಚುಚ್ಚಿದ್ದು."

"ಯಾವಾಗ ಚುಚ್ಚಿದ್ದು?"

"ಬೆಳಿಗ್ಗೆ ಹತ್ತಕ್ಕೆ. ಪ್ರಯೋಗಶಾಲೆಯಲ್ಲಿ."

ಹುಲುಗಪ್ಪ ಹಣೆಗೆ ಕೈ ಅಡ್ಡ ಹಿಡಿದು ಸೂರ್ಯನನ್ನು ನೋಡಿದ. ಸೂರ್ಯ ಆಗಲೇ ಪಡುವಣಕ್ಕೆ ವಾಲಿದ್ದ. ಆಮೇಲೆ ನನ್ನ ಕೈಯನ್ನು ನೋಡಿದ. ಅವನೂ ಈ ಊರಿನವನೇ. ಗುದ್ದಲಿಯ ಕಾವನ್ನು ನನ್ನ ಕಡೆ ಚಾಚಿ, "ಹಿಡ್ಕೊಳ್ಳಿ ಸ್ವಾಮಿ" ಎಂದು ಕೊಟ್ಟು, ದೂರ ಹೋಗಿ ಬೆನ್ನು ತಿರುಗಿಸಿ ಕೂತ. ರಕ್ತದ ಹನಿಯೊಂದೂ ಗುಂಡಿಯೊಳಗೆ ಬಿದ್ದು ಅವಳು ಕೇಳಿದ ಒಣ ನೆಲ ತೇವವಾಗದಂತೆ ಎಡಗೈಯನ್ನು ಎದೆಗೆ ಒತ್ತಿಕೊಂಡು, ಬಲಗೈಯೊಂದರಲ್ಲೇ ಸ್ವಲ್ಪ ಸ್ವಲ್ಪವಾಗಿ ಮಣ್ಣೆಳೆದೆ.